ಅಕ್ಕಿಯಲ್ಲಿ ಬರೆದ ಹೆಸರು

ಹುಬ್ಬಳ್ಳಿಯ ಕಮರಿಪೇಟೆಯಲ್ಲಿದ್ದ ನಮ್ಮ ಮನೆ ಹೋಗಿ ಅಲ್ಲೊಂದು ಬಟ್ಟೆ ಅಂಗಡಿ ಎದ್ದ ಮೇಲೆ ನನಗೆ ಆ ಮನೆಯ ಹುಚ್ಚು ಹಿಡಿಯಿತು. ಇದ್ದಾಗ ಅದರ ಸೋರುವ ಮಾಳಿಗೆಗೆ ದಿನಾ ಬೈದವಳೂ ನಾನೇ. ನೌಕರಿ ಮುಗಿಸಿ ಧಾರವಾಡದ ಸಪ್ತಾಪುರದಲ್ಲಿ ಕೂತ ಎರಡು ವರ್ಷಗಳಲ್ಲಿ ಅದರ ಮೇಲೆ ಮೂವತ್ತು ಕವಿತೆ ಬರೆದೆ. ಕಟ್ಟೆಯ ಮೇಲೊಂದು, ಅಟ್ಟದ ಮೇಲೊಂದು, ಅಪ್ಪನ ತೂಗುಮಂಚದ ಮೇಲೆ ಮೂರು. ‘ನಮ್ಮ ಮನೆ’ ಎಂಬ ಮಾತಿಲ್ಲದ ಕವಿತೆ ಒಂದೂ ಇರಲಿಲ್ಲ.

ಪುಸ್ತಕ ಮಾಡಹೊರಟಾಗ ಕವಿತೆಗಳ ಜೊತೆಗೆ ಚಿತ್ರಗಳೂ ಇರಲಿ ಅನ್ನಿಸಿತು. ಬರೆಯುವವರಿಗಾಗಿ ಧಾರವಾಡವೆಲ್ಲ ಹುಡುಕಿದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಹಾಗೆ ವೈನಿಯ ನೆನಪಾಗಿದ್ದು ಕೊನೆಗೆ. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ, ಈಗ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿದ್ದಾರೆ. ಮದುವೆಗೆ ಮೊದಲು ಡ್ರಾಯಿಂಗ್ ಪರೀಕ್ಷೆಗಳನ್ನು ಪಾಸು ಮಾಡಿದ್ದವರು. ನಮ್ಮ ಮನೆಗೆ ಬಂದ ಮೇಲೆ ಆ ಕೈಗೆ ಸಿಕ್ಕಿದ್ದು ರಂಗೋಲಿ ಬಟ್ಟಲು ಮಾತ್ರ. ಮೊದಲು ಒಲ್ಲೆ ಎಂದರು, ಆಮೇಲೆ ಕಪ್ಪು ಶಾಯಿಯ ಪೆನ್ನು ತರಿಸಿಕೊಂಡು ಕೂತರು.

ಪ್ರತಿ ಶನಿವಾರ ನಾನು ಬಸ್ಸಿಳಿದು ಹೋಗುವಷ್ಟರಲ್ಲಿ ಎರಡು ಚಿತ್ರ ತಯಾರಿರುತ್ತಿದ್ದವು. ನಾನು ಮರೆತಿದ್ದ ಗೋಡೆಯ ಗೂಡು, ಅಂಗಿ ನೇತುಹಾಕುವ ಗೂಟ, ಹಿತ್ತಲ ಬಾಗಿಲಿನ ಮುರಿದ ಚಿಲಕ, ಎಲ್ಲ ಅವರಿಗೆ ನೆನಪಿತ್ತು. ಮಗಳಿಗಿಂತ ಸೊಸೆಗೇ ಮನೆ ಹೆಚ್ಚು ಗೊತ್ತಲ್ಲ ಎಂದು ಒಳಗೊಳಗೇ ಹೊಟ್ಟೆಕಿಚ್ಚೂ ಆಯಿತು.

ಒಂದು ದಿನ ಪುಟ ಜೋಡಿಸುವವರು ಫೋನ್ ಮಾಡಿದರು. ಪ್ರತಿ ಚಿತ್ರದ ಮೂಲೆಯಲ್ಲೂ ಸಣ್ಣದಾಗಿ ಒಂದು ಹೆಸರಿದೆ, ನೀವು ಕೊಟ್ಟ ಕಲಾವಿದೆಯ ಹೆಸರು ಬೇರೆ, ಏನು ಮಾಡಲಿ ಎಂದು ಕೇಳಿದರು. ನಾನು ಚಿತ್ರಗಳಲ್ಲಿ ನೋಡಿದ್ದು ಮನೆಯನ್ನಷ್ಟೇ. ಮೂಲೆ ಯಾರು ನೋಡುತ್ತಾರೆ? ಯಾವಳೋ ಹಳೆಯ ಗೆಳತಿಯ ಹೆಸರಿರಬೇಕು, ಅಳಿಸಿಬಿಡಿ ಎಂದೆ.

ಕರಡು ಪ್ರತಿ ಒಯ್ದ ಶನಿವಾರ ವೈನಿ ಕನ್ನಡಕ ಹಾಕಿಕೊಂಡು ಒಂದೊಂದೇ ಪುಟದ ಮೂಲೆ ನೋಡಿದರು. ಅಳಿಸಿದ್ದು ಯಾರೆಂದು ಕೇಳಿದರು. ನಾನೇ ಎಂದೆ. ಅದು ಯಾರ ಹೆಸರು ಎಂದೂ ಕೇಳಿದೆ.

“ನನ್ನ ಹೆಸರ ಅದು,” ಅಂದರು. “ತವರಮನ್ಯಾಗ ಇಟ್ಟದ್ದು. ಚಿತ್ರ ಕಲತಾಕಿ ಅಕಿ. ನಿಮ್ಮ ಮನಿಗೆ ಬಂದಾಕಿ ಅಲ್ಲ.”

ನಮ್ಮಲ್ಲಿ ಮದುವೆಯ ದಿನ ಹೆಣ್ಣಿನ ಹೆಸರು ಬದಲಿಸುವ ಪದ್ಧತಿ. ತಾಟಿನಲ್ಲಿ ಅಕ್ಕಿ ಹರವಿ, ವರ ಉಂಗುರದಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಾನೆ. ಆ ಹೆಸರು ಆರಿಸಿದವಳು ಹನ್ನೆರಡು ವರ್ಷದ ನಾನು. ಆಗ ಓದುತ್ತಿದ್ದ ವಾರಪತ್ರಿಕೆಯ ಧಾರಾವಾಹಿಯ ನಾಯಕಿಯದು. ವೈನಿಗೆ ಹೆಸರಿಟ್ಟವಳು ನಾನು ಎಂದು ಎಷ್ಟೋ ವರ್ಷ ಜಂಬ ಕೊಚ್ಚಿದ್ದೇನೆ. ಅವರ ಮೊದಲ ಹೆಸರನ್ನು ಲಗ್ನಪತ್ರಿಕೆಯಲ್ಲಿ ಓದಿಯೇ ಇದ್ದೇನು. ಅಕ್ಕಿಯಲ್ಲಿ ಹೊಸದು ಬರೆದ ಮೇಲೆ ಮನೆಮಂದಿಯೆಲ್ಲ ಹಳೆಯದನ್ನು ಮರೆತೆವು. ಐವತ್ತು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಒಂದು ಮನೆ ಹೋಯಿತೆಂದು ಮೂವತ್ತು ಕವಿತೆ ಬರೆದುಕೊಂಡ ನನಗೆ ನಾಚಿಕೆಯಾಯಿತು.

ಹೆಸರನ್ನೆಲ್ಲ ತಿರುಗಿ ಹಾಕಿಸುತ್ತೇನೆ, ಒಳಪುಟದಲ್ಲೂ ಅದೇ ಇರಲಿ ಎಂದೆ.

“ಹಾಕಸು,” ಅಂದರು ವೈನಿ. “ಆದ್ರ ಅದನ್ನ ಓದಿ ಇಕಿ ನಮ್ಮಾಕಿ ಅನ್ನೋರು ಯಾರದಾರ? ನಮ್ಮವ್ವ ಹೋದ್ಲು, ನಮ್ಮಣ್ಣ ಹೋದ. ಆ ಹೆಸರಿಲೆ ಕರಿಯೋರು ಈಗ ಒಬ್ಬರೂ ಉಳದಿಲ್ಲ.”

ಹಾಗೆಂದು ಚಹಾ ಇಡಲು ಎದ್ದುಹೋದರು.

ಹಿರಿಯರನ್ನು ಹೆಸರು ಹಿಡಿದು ಕರೆಯುವುದು ನಮ್ಮಲ್ಲಿ ಇಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅವರು ನನಗೆ ಬೆನ್ನು ಮಾಡಿ ಶುಂಠಿ ಜಜ್ಜುತ್ತಿದ್ದರು. ಕರೆದೆ, ಬರೀ ಆ ತವರಿನ ಹೆಸರು, ಹಿಂದೆ ಮುಂದೆ ಏನೂ ಸೇರಿಸದೆ. ಜಜ್ಜುವುದು ನಿಂತಿತು. ವೈನಿ ತಿರುಗಲಿಲ್ಲ. ಓಣಿಯಲ್ಲಿ ಆಡುತ್ತಿರುವ ಹುಡುಗಿ ಮನೆಯೊಳಗಿನ ಕರೆಗೆ ಅನ್ನುವ ಹಾಗೆ, “ಓ” ಅಂದರು.