ದುಭಾಷಿ ಮುಗಿಸುವ ತನಕ

ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡವರ ಮನೆಗೆ ಹೋಗಿ ಮತ್ತೆ ಮಾತು ಕಲಿಸುವುದು ನನ್ನ ಕೆಲಸ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಈ ಕೆಲಸವನ್ನು ಕನ್ನಡದಲ್ಲಿ ಮಾಡಬಲ್ಲವರು ಹೆಚ್ಚಿಲ್ಲ. ಹಾಗಾಗಿ ಲಾಸ್ ಆಲ್ಟೋಸ್‌ನ ಆ ಮನೆಯವರು ನನ್ನನ್ನು ಹುಡುಕಿಕೊಂಡು ಫೋನ್ ಮಾಡಿದರು.

ರೋಗಿ ಮೈಸೂರಿನವರು, ನಿವೃತ್ತ ರಾಜತಾಂತ್ರಿಕರು. ಈ ಶತಮಾನದ ಮೊದಲ ವರ್ಷಗಳಲ್ಲಿ ನಮ್ಮ ದೇಶದ ಪರವಾಗಿ ಒಪ್ಪಂದಗಳ ಮಾತುಕತೆಗೆ ಕೂರುತ್ತಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಜೊತೆ ಇರಲು ಬಂದಿದ್ದರು. ಮಗಳು ಪಾಲೋ ಆಲ್ಟೋದಲ್ಲಿ ಡಾಕ್ಟರ್. ಕಾಯಿಲೆ ಅವರ ಇಂಗ್ಲಿಷನ್ನು ಬಹುಪಾಲು ಒಯ್ದಿತ್ತು. ಕನ್ನಡವನ್ನು ಮಾತ್ರ ಯಾಕೋ ಮುಟ್ಟಿರಲಿಲ್ಲ.

"ಅಪ್ಪ ಮಾತೇನೋ ಆಡ್ತಾರೆ, ಆದ್ರೆ ಏನು ಕೇಳಿದ್ರೂ ತುಂಬ ಹೊತ್ತು ಸುಮ್ನಿದ್ದು ಆಮೇಲೆ ಉತ್ತರ ಕೊಡ್ತಾರೆ," ಎಂದಳು ಮಗಳು. "ಆ ಗ್ಯಾಪ್ ಒಂದು ಹೋದ್ರೆ ಸಾಕು."

ಅಂಥ ತಡವರಿಕೆ ನನಗೆ ಹೊಸದಲ್ಲ. ಪೆಟ್ಟು ತಿಂದ ಮಿದುಳಿಗೆ ಕೇಳಿದ್ದು ಅರ್ಥವಾಗಲು ಸಮಯ ಬೇಕು. ಅಂಥವರು ಸಾಮಾನ್ಯವಾಗಿ ನಮ್ಮ ಬಾಯಿಯನ್ನೇ ನೋಡುತ್ತಾರೆ, ಇಲ್ಲವೇ ಕಣ್ಣು ಮುಚ್ಚಿಕೊಳ್ಳುತ್ತಾರೆ. ಇವರು ಹಾಗಲ್ಲ. ನಾನು ಮಾತು ಮುಗಿಸಿದ ಕೂಡಲೇ ಅವರ ನೋಟ ನನ್ನ ಬಲ ಹೆಗಲ ಹಿಂದಕ್ಕೆ ಸರಿಯುತ್ತಿತ್ತು. ಕುಳಿತವರೊಬ್ಬರ ಮುಖ ಇರಬಹುದಾದ ಎತ್ತರದಲ್ಲಿ ಅಲ್ಲೇ ನಿಲ್ಲುತ್ತಿತ್ತು. ನಡುನಡುವೆ ತಲೆಯಾಡಿಸುತ್ತಿದ್ದರು. ಆಮೇಲೆ ನನ್ನತ್ತ ತಿರುಗಿ, ತುಂಬ ಮರ್ಯಾದೆಯಿಂದ ಉತ್ತರ ಕೊಡುತ್ತಿದ್ದರು.

ನನ್ನ ಹಿಂದೆ ಇದ್ದದ್ದು ಬಿಸಿಲು ಬಿದ್ದ ಬಿಳಿ ಗೋಡೆ, ಅಷ್ಟೇ.

ಮೂರು ನಾಲ್ಕು ಭೇಟಿಗಳ ನಂತರ ಒಂದು ವಿಷಯ ನನ್ನ ಗಮನಕ್ಕೆ ಬಂತು. ನಾನು ಚಿಕ್ಕ ವಾಕ್ಯ ಹೇಳಿದರೆ ಅವರು ಸ್ವಲ್ಪ ಹೊತ್ತು ಕಾಯುತ್ತಿದ್ದರು, ಉದ್ದ ವಾಕ್ಯ ಹೇಳಿದರೆ ಹೆಚ್ಚು ಹೊತ್ತು. ನಾನು ಹೇಳಿದ್ದನ್ನು ಯಾರೋ ಅಷ್ಟೇ ಸಮಯ ತೆಗೆದುಕೊಂಡು ಮತ್ತೆ ಹೇಳುತ್ತಿದ್ದ ಹಾಗೆ. ಒಮ್ಮೆ ನಾನು ನಡುವೆ ಬಾಯಿ ಹಾಕಿದಾಗ ಅವರು ಮೆಲ್ಲಗೆ ಅಂಗೈ ಎತ್ತಿದರು.

"ಸ್ವಲ್ಪ ಇರೀಮ್ಮ. ಅವ್ರು ಮುಗಿಸ್ಲಿ."

ಬೆಳಗಿನ ಹತ್ತು ಗಂಟೆಯ ಹೊತ್ತು. ಎದುರು ಮನೆಯ ತೋಟದಲ್ಲಿ ಯಾರೋ ಯಂತ್ರ ಹಿಡಿದು ತರಗೆಲೆ ಊದುತ್ತಿದ್ದರು. ಆದರೂ ನನ್ನ ಕತ್ತಿನ ಹಿಂಭಾಗ ತಣ್ಣಗಾಯಿತು.

ಇನ್ನೊಂದು ದಿನ ಅವರು ಅಭ್ಯಾಸ ಮಾಡಲು ಒಪ್ಪಲೇ ಇಲ್ಲ. ನನಗೂ ತಾಳ್ಮೆ ತಪ್ಪಿತು. ನಾನು ಧಾರವಾಡದವಳು, ಸಿಟ್ಟು ಬಂದರಂತೂ ಬಾಯಿಗೆ ಅಲ್ಲಿನ ಮಾತೇ ಬರುವುದು.

"ನೋಡ್ರಿ, ನೀವು ಹಿಂಗ ಹಟಾ ಮಾಡಿದ್ರ ನಾಳೆಯಿಂದ ನಾ ಬರಂಗಿಲ್ಲ!"

ಅವರು ಗೋಡೆಯತ್ತ ನೋಡಿದರು. ಕಾದರು. ಮುಖ ನಿಧಾನವಾಗಿ ಅರಳಿತು.

"ಇಷ್ಟು ಪ್ರೀತಿಯಿಂದ ಕೇಳ್ಕೊಂಡ್ಮೇಲೆ ಇಲ್ಲ ಅನ್ನೋಕಾಗುತ್ತಾ? ಮಾಡೋಣ."

ನಾನು ಪ್ರೀತಿಯಿಂದ ಏನನ್ನೂ ಕೇಳಿರಲಿಲ್ಲ.

ಅಂದು ಹೊರಡುವ ಮುಂಚೆ ಅಡಿಗೆಮನೆಯಲ್ಲಿ ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ಕಾಫಿ ಸೋಸುತ್ತಿದ್ದವಳು ಪಾತ್ರೆ ಕೆಳಗಿಟ್ಟಳು.

"ಅದು ದುಭಾಷಿ ಇರಬೇಕು," ಎಂದಳು. "ಅಪ್ಪ ಒಂದೇ ಸಲ ಹೇಳಿದ್ದು, ಅಮ್ಮ ತೀರಿಕೊಂಡ ವರ್ಷ."

ಅವಳು ಹೇಳಿದ್ದಿಷ್ಟು. ಸಮುದ್ರದ ಗಡಿ ದಾಟಿ ಸಿಕ್ಕಿಬಿದ್ದ ಮೀನುಗಾರರನ್ನು ಪರಸ್ಪರ ಬಿಟ್ಟುಕೊಡುವ ಒಪ್ಪಂದವದು. ಯಾವ ದೇಶವೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊನೆಯ ದಿನ ಎದುರು ಪಕ್ಷದ ಮುಖ್ಯಸ್ಥ ಮೇಜು ಗುದ್ದಿ, ನಿಮ್ಮವರು ನಮ್ಮ ಜೈಲಲ್ಲೇ ಕೊಳೆಯಲಿ ಎಂದನಂತೆ. ಅವನ ಹೆಗಲ ಹಿಂದೆ ಕುಳಿತಿದ್ದ, ಅವರದೇ ಕಡೆಯ ದುಭಾಷಿ, ಇನ್ನೂ ಮೂವತ್ತು ದಾಟಿರದ ಹೆಂಗಸು, 'ನಿಮ್ಮವರ ಮನೆಗಳಲ್ಲಿ ಎಷ್ಟು ಸಂಕಟವಿದೆಯೋ ನಮಗೂ ಗೊತ್ತು' ಎಂದು ಅನುವಾದಿಸಿದಳು. ಅಪ್ಪನಿಗೆ ಆ ಭಾಷೆ ಅಷ್ಟಿಷ್ಟು ಬರುತ್ತಿತ್ತು. ಅದು ಯಾರಿಗೂ ತಿಳಿದಿರಲಿಲ್ಲ. ಅವರು ಆಕೆಯ ಮುಖ ನೋಡಿದರು, ಮೆತ್ತಗಿನ ಮಾತಿಗೆ ಮೆತ್ತಗಿನ ಉತ್ತರವನ್ನೇ ಕೊಟ್ಟರು. ಸಂಜೆಯ ಹೊತ್ತಿಗೆ ಸಹಿ ಬಿತ್ತು.

"ಮುಂದಿನ ರೌಂಡ್ ಮೀಟಿಂಗಿಗೆ ಆ ಸೀಟಲ್ಲಿ ಬೇರೆ ಯಾರೋ ಇದ್ರಂತೆ. ಹಿಂದಿನ ಸಲ ಇದ್ದವರೆಲ್ಲಿ ಅಂತ ಅಪ್ಪ ಕೇಳಿದ್ರು. ಅಂಥವರು ಯಾರೂ ನಮ್ಮ ಜೊತೆ ಬಂದೇ ಇರ್ಲಿಲ್ಲ ಅಂದ್ರಂತೆ, ನಗ್ತಾ."

"ಆಮ್ಯಾಲೆ?"

"ಮತ್ತೆ ಕೇಳ್ಲಿಲ್ಲ. ಜಾಸ್ತಿ ಕೇಳಿದ್ರೆ ಒಪ್ಪಂದನೇ ಬಿದ್ಹೋಗ್ತಿತ್ತು ಅಂದ್ರು. ಅಷ್ಟ್ ಹೊತ್ತಿಗೆ ಮೀನುಗಾರರು ಮನೆ ಸೇರಿದ್ರಲ್ಲ."

ಆಮೇಲಿನ ವಾರಗಳಲ್ಲಿ ಅಲ್ಲಿ ನನ್ನ ನಡವಳಿಕೆ ಬದಲಾಯಿತು. ಕುರ್ಚಿಯನ್ನು ಗೋಡೆಯಿಂದ ಸ್ವಲ್ಪ ಮುಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಹಿಂದೆ ಕೂರುವವರಿಗೆ ಜಾಗ ಬೇಡವೇ ಎಂದು ಒಂದು ಸಲ ನನಗೇ ಅನ್ನಿಸಿ, ನಾಚಿಕೆಯಾಯಿತು. ಮಾತು ಮುಗಿಸಿದ ಮೇಲೆ ನಾನೂ ಕಾಯತೊಡಗಿದೆ. ಕಿವಿಗೆ ಏನೂ ಬೀಳುತ್ತಿರಲಿಲ್ಲ. ಆದರೆ ಆ ಮೌನ ಖಾಲಿ ಅನ್ನಿಸುತ್ತಿರಲಿಲ್ಲ. ತಿರುಗಿ ನೋಡಬೇಕೆಂದು ಎಷ್ಟೋ ಸಲ ಅನ್ನಿಸಿದರೂ ನೋಡಲಿಲ್ಲ.

ಇಷ್ಟಾದರೂ ನನ್ನನ್ನು ಕರೆಸಿದ್ದು ಆ ಕಾಯುವಿಕೆಯನ್ನು ಕಡಿಮೆ ಮಾಡಲಿಕ್ಕೆ. ಬೇಗ ಉತ್ತರಿಸುವ ಆಟಗಳನ್ನು ಆಡಿಸಿದೆ. ಚಿತ್ರ ತೋರಿಸಿ, ಹೆಸರು ಹೇಳಿಸಿದೆ. ಗಾದೆಯ ಅರ್ಧ ನಾನು ಹೇಳಿದರೆ ಉಳಿದರ್ಧ ಅವರು ಹೇಳಬೇಕು. "ಮಾತು ಬೆಳ್ಳಿ" ಎಂದರೆ "ಮೌನ ಬಂಗಾರ" ಎಂದು ಥಟ್ಟನೆ ಬರತೊಡಗಿತು. ಇಂಗ್ಲಿಷೂ ತುಂಡು ತುಂಡಾಗಿ ಮರಳಿತು. ಅವರ ನೋಟ ಗೋಡೆಯವರೆಗೆ ಹೋಗಿ ಬರುತ್ತಿತ್ತು. ಬರಬರುತ್ತಾ ಅರ್ಧದಾರಿಯಲ್ಲೇ ತಿರುಗತೊಡಗಿತು. ಆಮೇಲೆ ಹೋಗುವುದೇ ನಿಂತಿತು. ಮಗಳು ಖುಷಿಯಿಂದ ನನ್ನ ಕೈ ಹಿಡಿದುಕೊಂಡಳು. ನನಗೂ ಸಂತೋಷವಾಗಬೇಕಿತ್ತು.

ಕೊನೆಯ ಭೇಟಿಯಲ್ಲಿ ಮಗಳು ಚೌಚೌಬಾತ್ ಮಾಡಿದ್ದಳು. ಅವರು ಚಮಚವನ್ನು ತಾವೇ ಹಿಡಿದು ತಿನ್ನುತ್ತಿದ್ದರು. ಕೇಳದೆ ಹೋಗಲು ನನ್ನಿಂದ ಆಗಲಿಲ್ಲ.

"ಸರ್, ಮೀನುಗಾರರ ಒಪ್ಪಂದದಾಗ ಒಬ್ಬರು ದುಭಾಷಿ ಇದ್ರಲ್ಲ, ಅವರು..."

"ದುಭಾಷಿನಾ?" ಎಂದರು, ನನ್ನನ್ನೇ ನೇರವಾಗಿ ನೋಡುತ್ತ, ಒಂದು ಕ್ಷಣವೂ ತಡಮಾಡದೆ. "ಇರ್ಲಿಲ್ಲಮ್ಮ. ಎರಡೂ ಕಡೆಯವ್ರಿಗೆ ಇಂಗ್ಲಿಷ್ ಚೆನ್ನಾಗೇ ಬರ್ತಿತ್ತು."

"ಅಪ್ಪಾ, ನೀವೇ ಹೇಳಿದ್ರಲ್ಲ," ಎಂದಳು ಮಗಳು.

"ನಾನಾ? ಯಾವಾಗ?"

ಮುಚ್ಚಿಡುವವರ ಮುಖವಲ್ಲ ಅದು. ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಇನ್ನಷ್ಟು ಕೇಸರಿಬಾತ್ ಹಾಕು ಎಂದು ಮಗಳಿಗೆ ತಟ್ಟೆ ಚಾಚಿದರು.

ಮಗಳು ನನ್ನನ್ನು ಕಾರಿನವರೆಗೆ ಬಿಡಲು ಬಂದಳು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. "ಬೇರೆ ಯಾರೋ ಹೇಳಿದ್ದನ್ನ ನಾನು ಅಪ್ಪನ ಕಥೆ ಅಂತ ಮಿಕ್ಸ್ ಮಾಡ್ಕೊಂಡಿರಬೇಕು," ಎಂದಳು. ಹಾಗೆ ಹೇಳಿದ್ದರಿಂದ ಅವಳಿಗೆ ಹಗುರವಾದಂತೆ ಕಂಡಿತು.

"ಇಲ್ಲ. ಅವರು ನಿಮಗ ಹೇಳ್ಯಾರ," ಎಂದೆ. ನನಗೇ ಗೊತ್ತಾಗುವಷ್ಟು ಗಟ್ಟಿಯಾಗಿ.

ಅವಳು ಸೌಜನ್ಯಕ್ಕೆ ತಲೆಯಾಡಿಸಿದಳು.

ಅವರು ಈಗ ಚೆನ್ನಾಗಿದ್ದಾರೆ. ಯುಗಾದಿಗೆ ಫೋನ್ ಮಾಡಿ ಪಟಪಟನೆ ಮಾತಾಡುತ್ತಾರೆ. ಆ ಹೆಂಗಸಿನ ಹೆಸರು ನನಗೆ ಗೊತ್ತಿಲ್ಲ, ಮುಖ ಕಂಡಿಲ್ಲ, ಆಕೆಯ ದನಿಯನ್ನೂ ಕೇಳಿಲ್ಲ. ಆಕೆ ಇದ್ದಳೇ ಎಂದು ಈಗ ಯಾರಾದರೂ ನನ್ನನ್ನು ಕೇಳಿದರೆ, ಇದ್ದಳು ಎಂದೇ ಹೇಳುತ್ತೇನೆ. ಇದುವರೆಗೆ ಯಾರೂ ಕೇಳಿಲ್ಲ.