ಪಕ್ಕದ ಮನೆಯವಳ ಬೆಂಬಲ

ಅಮೆರಿಕದ ಬಾಥೆಲ್ ಊರಿನಲ್ಲಿ ಮನೆ ಕೊಂಡಾಗ ಸ್ಮಿತಾಳಿಗೆ ಮೊದಲು ಪರಿಚಯವಾದವಳು ಪಕ್ಕದ ಮನೆಯ ಎಲೆನ್. ನಿವೃತ್ತ ಶಿಕ್ಷಕಿ, ಬಿಳಿಯಳು, ಮಾತು ಬಲು ಮೃದು. ಅವಳ ಅಂಗಳದಲ್ಲಿ ‘ಎಲ್ಲ ಬಣ್ಣದವರಿಗೂ ಇಲ್ಲಿ ಸ್ವಾಗತ’ ಎಂಬ ಫಲಕವಿತ್ತು. ವರ್ಣಭೇದದ ಬಗ್ಗೆ ಪುಸ್ತಕ ಓದುವ ಗುಂಪೊಂದನ್ನೂ ನಡೆಸುತ್ತಿದ್ದಳು. ಬಾದಾಮಿಯಿಂದ ಬಂದು ಇಲ್ಲಿ ವೈದ್ಯಕೀಯ ಉಪಕರಣಗಳ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಸ್ಮಿತಾ, ಒಳ್ಳೆಯ ನೆರೆಯವಳು ಸಿಕ್ಕಳೆಂದು ಸಮಾಧಾನಪಟ್ಟಿದ್ದಳು.

ಕಳೆದ ಬೇಸಿಗೆಯಲ್ಲಿ ಅವಳ ಮಾವ ವೀರಣ್ಣ ಬಂದರು. ಧೋತರ ಉಟ್ಟು, ಹೆಗಲಿಗೆ ಟವೆಲ್ ಹಾಕಿ ಬೆಳಿಗ್ಗೆ ಬಡಾವಣೆ ಸುತ್ತುವುದು ಅವರ ರೂಢಿ. ಒಂದು ದಿನ ಬೀದಿ ಕೊನೆಯ ಮನೆಯ ಬೇಲಿಯ ಬಳಿ ನಿಂತು ಗುಲಾಬಿ ನೋಡುತ್ತಿದ್ದರು. ಆ ಮನೆಯ ಕರ್ಟಿಸ್ ಕಿಟಕಿಯಿಂದ ಅವರ ಫೋಟೊ ತೆಗೆದು, ‘ಯಾರೋ ಅಪರಿಚಿತ ಮನೆಗಳತ್ತ ಹೊಂಚು ಹಾಕುತ್ತಿದ್ದಾನೆ’ ಎಂದು ಬಡಾವಣೆಯ ಆ್ಯಪ್‌ನಲ್ಲಿ ಹಾಕಿದ. ಪೊಲೀಸರಿಗೂ ಫೋನ್ ಮಾಡಿದ. ಪೊಲೀಸರು ಸೌಜನ್ಯದಿಂದಲೇ ವೀರಣ್ಣನವರನ್ನು ಮನೆಗೆ ತಂದು ಬಿಟ್ಟರು. ಆದರೆ ಇಡೀ ಬೀದಿ ನೋಡಿತ್ತು.

“ನಾ ಏನ್ ಮಾಡಿದ್ನೆವ್ವಾ? ಹೂವಾ ನೋಡಾಕತ್ತಿದ್ದೆ, ಅಷ್ಟ,” ಎಂದರು ವೀರಣ್ಣ. ಮರುದಿನದಿಂದ ಹಿತ್ತಲಲ್ಲೇ ಅಡ್ಡಾಡತೊಡಗಿದರು.

ಸಂಜೆ ಎಲೆನ್ ಬಾಳೆಹಣ್ಣಿನ ಬ್ರೆಡ್ ಹಿಡಿದು ಬಂದಳು. ಕಣ್ಣು ಒದ್ದೆಯಾಗಿತ್ತು. “ನನಗೆ ನಾಚಿಕೆಯಾಗ್ತಿದೆ ಸ್ಮಿತಾ. ನಮ್ಮ ಓದುಗುಂಪಿಗೆ ಬಂದು ನಿನ್ನ ಅನುಭವ ಹೇಳ್ತೀಯಾ? ನಾವೆಲ್ಲ ಕಲಿಯಬೇಕು.”

“ಅದು ಬೇಡ. ಕರ್ಟಿಸ್ ನಿನ್ನ ಹಳೇ ಸ್ನೇಹಿತ. ಅವನ ಹತ್ರ ಹೋಗಿ, ನೀನು ಮಾಡಿದ್ದು ತಪ್ಪು ಅಂತ ಹೇಳು. ಅಷ್ಟು ಸಾಕು.”

ಎಲೆನ್ ತಡವರಿಸಿದಳು. “ಅವನು ಕೆಟ್ಟವನಲ್ಲ... ಸುಮ್ಮನೆ ಮನಸ್ತಾಪ ಆಗುತ್ತೆ. ನೀನೇ ಮಾತಾಡಿದ್ರೆ ಅವನಿಗೆ ಚೆನ್ನಾಗಿ ಅರ್ಥ ಆಗಬಹುದು.”

ಅವಳು ಹೋದ ಮೇಲೆ ಸ್ಮಿತಾ ಗಂಡ ಪ್ರಶಾಂತನ ಮುಂದೆ ರೇಗಾಡಿದಳು. “ನಮ್ಮ ಅವಮಾನದ ಕತೆ ಬೇಕು ಅವಳಿಗೆ. ತನ್ನ ಸ್ನೇಹಿತನಿಗೆ ಒಂದು ಮಾತು ಹೇಳಕ್ಕಾಗಲ್ಲ!”

“ಬಿಡು, ನಾವು ಇಲ್ಲೇ ಇರ್ಬೇಕಲ್ಲ,” ಎಂದ ಪ್ರಶಾಂತ. ಅದು ಅವಳ ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

ಆ ತಿಂಗಳ ಬಡಾವಣೆ ಸಭೆಯಲ್ಲಿ ಕರ್ಟಿಸ್, ಹೊರಗಿನವರ ಮೇಲೆ ಕಣ್ಣಿಡಲು ಬಡಾವಣೆಯ ಪ್ರವೇಶದ್ವಾರದಲ್ಲಿ ಕ್ಯಾಮೆರಾ ಹಾಕಿಸಬೇಕೆಂದ. ಸ್ಮಿತಾ ಎದ್ದು ನಿಂತಳು. “ನೀವು ಫೋಟೊ ತೆಗೆದವರು ನಮ್ಮ ಮಾವ. ಹೊರಗಿನವರಲ್ಲ.” ಕರ್ಟಿಸ್, ಜಾಗ್ರತೆ ವಹಿಸುವುದು ತಪ್ಪಲ್ಲ ಎಂದ. ಎಲೆನ್ ತಲೆ ತಗ್ಗಿಸಿ ಮೊಬೈಲಿನಲ್ಲಿ ಏನೋ ಒತ್ತುತ್ತಿದ್ದಳು. ಸ್ಮಿತಾಳ ಫೋನು ಗುನುಗಿತು: ‘ಎಂಥ ಧೈರ್ಯ ನಿನ್ನದು! ನಾನು ನಿನ್ನ ಜೊತೆಗಿದ್ದೇನೆ.’

ಕ್ಯಾಮೆರಾ ಕುರಿತ ಮತದಾನವನ್ನು ಮುಂದಿನ ಸಭೆಗೆ ಮುಂದೂಡಿದರು. ಕಾರ್ ನಿಲ್ಲಿಸುವ ಜಾಗದಲ್ಲಿ ಸ್ಮಿತಾ ಎಲೆನ್‌ಳನ್ನು ತಡೆದಳು. “ಅದೇ ಕೋಣೇಲಿ ಕೂತು ಮೆಸೇಜ್ ಮಾಡಿದೆ ಎಲೆನ್. ಬಾಯಿ ಬಿಡಬೇಕಿತ್ತು. ನಾನು ಮಾತಾಡಿದ್ರೆ ಜಗಳಗಂಟಿ ಅಂತಾರೆ. ನೀನು ಮಾತಾಡಿದ್ರೆ ಕೇಳ್ತಾರೆ. ನನ್ನ ಧೈರ್ಯ ಹೊಗಳೋದು ಬಿಟ್ಟು ನಿಂದು ತೋರಿಸು.”

ಎಲೆನ್ ಅಳತೊಡಗಿದಳು. ಸಮಾಧಾನ ಮಾಡಲು ಸ್ಮಿತಾಳ ಕೈ ಮುಂದಾಯಿತು. ‘ಇದೂ ನನ್ನ ಕೆಲಸವೇ?’ ಎನ್ನಿಸಿ ಹಿಂದಕ್ಕೆಳೆದುಕೊಂಡಳು. ಕಾರು ಹತ್ತಿ ಹೊರಟುಬಿಟ್ಟಳು.

ಕೆಲವು ವಾರ ಇಬ್ಬರಿಗೂ ಮಾತಿಲ್ಲ. ಆಮೇಲೊಂದು ಮಧ್ಯಾಹ್ನ ಎಲೆನ್ ಬರಿಗೈಯಲ್ಲಿ ಬಂದಳು. ಕರ್ಟಿಸ್ ಮನೆಗೆ ಹೋಗಿ ನೇರವಾಗಿ ಹೇಳಿದ್ದಳಂತೆ. ಅವನು ಆ್ಯಪ್‌ನಿಂದ ಫೋಟೊ ತೆಗೆದುಹಾಕಿದ್ದ. ಕ್ಷಮೆ ಕೇಳಿರಲಿಲ್ಲ. “ಈಗ ನಾನು ಕೈ ಬೀಸಿದರೂ ಅವನು ಮುಖ ತಿರುಗಿಸ್ತಾನೆ. ಎಷ್ಟು ಹಿಂಸೆ ಗೊತ್ತಾ?”

“ಗೊತ್ತು,” ಎಂದಳು ಸ್ಮಿತಾ. “ನಮಗೆ ಅದು ಹೊಸದಲ್ಲ.”

ಈ ಸಲ ಎಲೆನ್ ಅಳಲಿಲ್ಲ. ಮುಂದಿನ ಸಭೆಯಲ್ಲಿ ಎದ್ದು, ಕರ್ಟಿಸ್‌ನ ಮುಖ ನೋಡಿಕೊಂಡೇ, ಆ ದಿನ ನಡೆದದ್ದು ವರ್ಣಭೇದ ಎಂದು ಹೇಳಿದಳು. ಆದರೂ ಕ್ಯಾಮೆರಾ ಮಂಜೂರಾಯಿತು. ವಿರುದ್ಧ ಕೈ ಎತ್ತಿದವರು ಸ್ಮಿತಾ, ಎಲೆನ್ ಇಬ್ಬರೇ.

ಅಷ್ಟರಲ್ಲಿ ವೀರಣ್ಣ ವಾಪಸು ಟಿಕೆಟ್ಟನ್ನು ಅವಧಿಗೆ ಮುಂಚೆಯೇ ಮಾಡಿಸಿಕೊಂಡು ಊರಿಗೆ ಹೋಗಿಬಿಟ್ಟಿದ್ದರು. ಸಭೆಯಿಂದ ಮರಳುವಾಗ ಎಲೆನ್ ಕೇಳಿದಳು: “ಅವರಿಗೆ ಇದನ್ನು ಹೇಳ್ತೀಯಾ?”

“ಏನಂತ ಹೇಳ್ಲಿ?” ಎಂದಳು ಸ್ಮಿತಾ.