ಬಿಸಿಲಿಗೆ ಇಡದ ಶಾಕ್ ಅಬ್ಸಾರ್ಬರ್

ಬೆಳಿಗ್ಗೆ ಮೊಮ್ಮಗಳು ತನ್ನ ಕೂಸಿನ ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದಳು. ಆ ವಾಸನೆಗೆ ನನಗೆ ಅಪ್ಪನ ಕಾಲದ್ದೊಂದು ನೆನಪಾಯಿತು. "ನಾನು ಹೇಳ್ತೀನಿ, ನೀನು ಫೋನಲ್ಲಿ ಬರಿ" ಅಂದೆ.

ನಾನು ಚಿಕ್ಕವಳಿದ್ದಾಗ ಕೃಷ್ಣಮೂರ್ತಿಪುರದ ನಮ್ಮ ಹಿತ್ತಲಲ್ಲೇ ಅಪ್ಪ ಕಾರು ರಿಪೇರಿ ಮಾಡುತ್ತಿದ್ದರು. ಗಾಡಿ ಕುಲುಕದಂತೆ ತಡೆಯುವ, ಒಳಗೆ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರನ್ನು ಹಳೇ ಕಾರಿಂದ ಬಿಚ್ಚಿದ್ದಾದರೆ ಇನ್ನೊಂದಕ್ಕೆ ಹಾಕುವ ಮುಂಚೆ ಎರಡು ಸಲ ನೋಡುತ್ತಿದ್ದರು. ಬೆಳಿಗ್ಗೆ ಅದರ ಕಬ್ಬಿಣದ ತೋಳನ್ನು ಮೇಲೆ ಕೆಳಗೆ ಒತ್ತುವುದು, ಮಧ್ಯಾಹ್ನದವರೆಗೆ ಬಿಸಿಲಲ್ಲಿಟ್ಟು ಮತ್ತೆ ಒತ್ತುವುದು. "ತಣ್ಣಗಿದ್ದಾಗ ಎಲ್ಲಾ ಬಿಗಿಯೇ ಕಣಮ್ಮ. ಕಾದ್ಮೇಲೆ ಬಂಡವಾಳ ಗೊತ್ತಾಗೋದು."

ಒಂದು ಬೆಳಿಗ್ಗೆ ವಕೀಲರೊಬ್ಬರ ಡ್ರೈವರ್ ಮರಿಯಪ್ಪ ಕಾರು ತಂದು ಅವಸರ ಮಾಡಿದ. "ಬೆಟ್ಟಕ್ಕೆ ಹೋಗ್ಬೇಕು, ಬೇಗ ಹಾಕ್ಬುಡಿ ಸ್ವಾಮಿ." ಅಪ್ಪ ಒಂದೇ ಸಲ ಒತ್ತಿದರು. ತೋಳು ಬಿಗಿಯಾಗಿತ್ತು. ಹಾಕಿಬಿಟ್ಟರು.

ಕೆಳಗೆ ಸೋರಿದ್ದ ಎಣ್ಣೆಯನ್ನು ನಾನು ಒರೆಸಿದೆ. ಅಮ್ಮ ನನ್ನ ತಲೆಗೆ ಹಚ್ಚುವ ಹರಳೆಣ್ಣೆಯದೇ ವಾಸನೆ. ತಣ್ಣಗಿದ್ದಾಗ ಬಿಗಿಯಾಗಿ ಕಾಣಲೆಂದು, ಅಪ್ಪನಿಗೆ ಆ ಹಳೇ ಶಾಕ್ ಅಬ್ಸಾರ್ಬರ್ ಮಾರಿದವನು ಕಾದರೆ ತೆಳ್ಳಗಾಗುವ ಅದನ್ನೇ ತುಂಬಿದ್ದ. ಅಪ್ಪನಿಗೆ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮರಿಯಪ್ಪ ನಗುತ್ತಾ ನನ್ನ ಬಾಯಿಗೊಂದು ಪೆಪ್ಪರಮೆಂಟು ಹಾಕಿದ. ಚೀಪುತ್ತಾ ಸುಮ್ಮನಾದೆ.

ಕಾರು ಬೆಟ್ಟದ ಕಡೆ ಹೊರಟುಹೋಯಿತು. ಬಿಸಿಲೇರಿತು. ಊಟಕ್ಕೆ ಪಕ್ಕದಲ್ಲಿ ಕೂತಾಗ ಅಪ್ಪನಿಗೆ ನನ್ನ ಕೈಯ ಹರಳೆಣ್ಣೆ ವಾಸನೆ ಬಡಿಯಿತು. "ಏನಮ್ಮಾ ಒರೆಸಿದೆ ನೀನು?" ಕಾರಿನ ಕೆಳಗೆ ಸೋರಿದ್ದ ಎಣ್ಣೆ ಅಂತಷ್ಟೇ ಹೇಳಿದೆ. ತಟ್ಟೆ ಬಿಟ್ಟೆದ್ದು ಬೆಟ್ಟದ ಕಡೆಗೆ ಸೈಕಲ್ ಹತ್ತಿದರು.

ಸಂಜೆ ಸೈಕಲ್ ತಳ್ಳಿಕೊಂಡು ಬಂದರು. ಹ್ಯಾಂಡಲ್ಲಿನಲ್ಲಿ ಮರಿಯಪ್ಪನ ತಲೆಯ ರುಮಾಲು ನೇತಾಡುತ್ತಿತ್ತು. ಬೆಟ್ಟದ ತಿರುವಿನಲ್ಲಿ ಕಾರು ಉರುಳಿತ್ತು, ಮರಿಯಪ್ಪ ಉಳಿದಿರಲಿಲ್ಲ. ಹರಳೆಣ್ಣೆಯ ವಿಷಯ ನನಗೆ ಬೆಳಿಗ್ಗೆಯೇ ಗೊತ್ತಿತ್ತೆಂದು ಅಪ್ಪನಿಗೆ ಕೊನೆಗೂ ಹೇಳಲಿಲ್ಲ.

ಮೊಮ್ಮಗಳು ಬರೆಯೋದು ನಿಲ್ಲಿಸಿ ಕೇಳಿದಳು, "ಆಗ್ಲೇ ಯಾಕೆ ಹೇಳ್ಲಿಲ್ಲ ಅಜ್ಜಿ?"

"ಬಾಯಲ್ಲಿ ಪೆಪ್ಪರಮೆಂಟು ಇತ್ತು ಕಣೇ."